ಮಾಲಿ: ಚಿನ್ನ ಅಗೆಯುವ ದೇಶಕ್ಕೆ ಪೆಟ್ರೋಲ್ ಯಾಕೆ ಸಿಗಲಿಲ್ಲ?

2025ರ ಅಕ್ಟೋಬರ್‌ನಲ್ಲಿ ಚಿನ್ನದ ಬೆಲೆ ಔನ್ಸಿಗೆ 4,000 ಡಾಲರ್ ದಾಟಿತು. ಅದೇ ತಿಂಗಳ ಕೊನೆಗೆ, ಆಫ್ರಿಕಾದಲ್ಲಿ ಹೆಚ್ಚು ಚಿನ್ನ ತೆಗೆಯುವ ದೇಶಗಳಲ್ಲಿ ಒಂದಾದ ಮಾಲಿ ತನ್ನ ಎಲ್ಲ ಶಾಲೆ, ವಿಶ್ವವಿದ್ಯಾಲಯಗಳನ್ನು ಎರಡು ವಾರ ಮುಚ್ಚಿತು. ಕಾರಣ, ಪೆಟ್ರೋಲ್ ಇಲ್ಲ. ಮಕ್ಕಳು ಮತ್ತು ಮೇಷ್ಟ್ರುಗಳು ಶಾಲೆಗೆ ಹೋಗಿಬರುವುದೇ ಕಷ್ಟವಾಗಿದೆ ಎಂದು ಸರ್ಕಾರವೇ ಹೇಳಿತು. ಅಮೆರಿಕ ತನ್ನ ಪ್ರಜೆಗಳಿಗೆ, ಸಿಕ್ಕ ವಿಮಾನ ಹತ್ತಿ ಹೊರಡಿ ಎಂದಿತು. ನವೆಂಬರ್ ಮೊದಲ ವಾರದಲ್ಲಿ ಐವರು ಭಾರತೀಯ ಕಾರ್ಮಿಕರ ಅಪಹರಣದ ಸುದ್ದಿಯೂ ಬಂತು.

ಇವನ್ನೆಲ್ಲ ಓದಿದವರಿಗೆ ಗೊಂದಲವಾಗುವುದು ಸಹಜ. ಇಷ್ಟು ಚಿನ್ನ ಇರುವ ದೇಶಕ್ಕೆ ಎಣ್ಣೆ ಕೊಳ್ಳಲು ದುಡ್ಡಿರಲಿಲ್ಲವೇ? ದುಡ್ಡಿನ ಕೊರತೆಯಿಂದ ಆದದ್ದಲ್ಲ ಇದು. ಪಕ್ಕದ ದೇಶಗಳ ಬಂದರಿನಲ್ಲಿ ಎಣ್ಣೆ ಇತ್ತು, ತರಲು ಟ್ಯಾಂಕರ್‌ಗಳೂ ಇದ್ದವು. ಬಂದರಿನಿಂದ ರಾಜಧಾನಿಗೆ ಬರುವ ರಸ್ತೆ ಮಾತ್ರ ಸರ್ಕಾರದ ಹಿಡಿತದಲ್ಲಿ ಇರಲಿಲ್ಲ, ಅಲ್ ಖೈದಾಗೆ ನಿಷ್ಠರಾದ ಉಗ್ರರು ಅದನ್ನು ತಡೆದಿದ್ದರು. ಮಾಲಿಯಲ್ಲಿ ಏನಾಗುತ್ತಿದೆ ಎಂದು ತಿಳಿಯಬೇಕಾದರೆ ಉಗ್ರರ ಸಿದ್ಧಾಂತಕ್ಕಿಂತ ಮೊದಲು ಈ ರಸ್ತೆಯನ್ನು ನೋಡಬೇಕು.

ನಕ್ಷೆಯಲ್ಲಿ ಮಾಲಿ

ಇದು ಮಾಲ್ದೀವ್ಸ್‌ನ ಮಾಲೆ ಅಲ್ಲ. ಪಶ್ಚಿಮ ಆಫ್ರಿಕಾದ ಒಳನಾಡಿನ ದೇಶ. ವಿಸ್ತೀರ್ಣ ಸುಮಾರು 12.4 ಲಕ್ಷ ಚದರ ಕಿ.ಮೀ., ಅಂದರೆ ಆರು ಕರ್ನಾಟಕಗಳಿಗಿಂತಲೂ ಜಾಸ್ತಿ. ಅಲ್ಜೀರಿಯಾ, ನೈಜರ್, ಬುರ್ಕಿನಾ ಫಾಸೊ, ಐವರಿ ಕೋಸ್ಟ್, ಗಿನಿ, ಸೆನೆಗಲ್, ಮಾರಿಟೇನಿಯಾ ಹೀಗೆ ಏಳು ದೇಶಗಳು ಸುತ್ತುವರಿದಿವೆ. ಸಮುದ್ರ ತೀರ ಒಂದಿಂಚೂ ಇಲ್ಲ.

ಉತ್ತರದ ಅರ್ಧಕ್ಕಿಂತ ಹೆಚ್ಚು ಭಾಗ ಸಹಾರಾ ಮರುಭೂಮಿ. ಅದರ ಕೆಳಗೆ ಕುರುಚಲು ಹುಲ್ಲಿನ ಸಾಹೇಲ್ ಪಟ್ಟಿ. ಅದಕ್ಕೂ ದಕ್ಷಿಣಕ್ಕೆ ಬಂದರೆ ಸಿಕಾಸೊ ಕಡೆ ಒಳ್ಳೆ ಮಳೆ ಬೀಳುತ್ತದೆ. ಹತ್ತಿ, ಜೋಳ, ಮಾವು ಬೆಳೆಯುತ್ತವೆ. ಮಳೆಗಾಲ ಜೂನ್‌ನಿಂದ ಸೆಪ್ಟೆಂಬರ್, ಹೆಚ್ಚೆಂದರೆ ಅಕ್ಟೋಬರ್‌ವರೆಗೆ. ಉಳಿದ ತಿಂಗಳುಗಳಲ್ಲಿ ಹನಿ ನೀರಿಗೂ ಬಾವಿಯನ್ನೂ ನದಿಯನ್ನೂ ನಂಬಬೇಕು.

ಆ ನದಿ ನೈಜರ್. ಇದರ ದಾರಿ ವಿಚಿತ್ರ. ಅಟ್ಲಾಂಟಿಕ್ ಸಮುದ್ರದಿಂದ 300 ಕಿ.ಮೀ. ಕೂಡ ದೂರವಿಲ್ಲದ ಗಿನಿಯ ಬೆಟ್ಟಗಳಲ್ಲಿ ಹುಟ್ಟುತ್ತದೆ, ಆದರೆ ಸಮುದ್ರಕ್ಕೆ ಬೆನ್ನು ಹಾಕಿ ಈಶಾನ್ಯಕ್ಕೆ, ಮರುಭೂಮಿಯ ಕಡೆಗೆ ಹರಿಯುತ್ತದೆ. ರಾಜಧಾನಿ ಬಮಾಕೊ, ಆಮೇಲೆ ಸೆಗು, ಮೋಪ್ತಿ ದಾಟಿ ಟಿಂಬಕ್ಟು ಹತ್ತಿರ ಸಹಾರಾದ ಅಂಚು ಮುಟ್ಟಿ, ಗಾವೊ ಕಡೆ ತಿರುಗಿ, ನೈಜರ್ ದೇಶ ದಾಟಿ, ಕೊನೆಗೆ ನೈಜೀರಿಯಾದಲ್ಲಿ ಸಮುದ್ರ ಸೇರುತ್ತದೆ. ಒಟ್ಟು 4,180 ಕಿ.ಮೀ. ಓಟದಲ್ಲಿ ಸುಮಾರು 1,700 ಕಿ.ಮೀ. ಮಾಲಿಯೊಳಗೇ ಇದೆ. ಮೋಪ್ತಿಯ ಸುತ್ತ ನದಿ ಹಲವು ಕವಲಾಗಿ ಹರಡಿ, ಒಣನಾಡಿನ ಮಧ್ಯೆ ದೊಡ್ಡ ಒಳನಾಡ ಮುಖಜಭೂಮಿಯೊಂದನ್ನು ಮಾಡಿದೆ. ನೆರೆ ಏರಿದಾಗ ಅಲ್ಲಿ ಬೋಜೊ ಬೆಸ್ತರು ಮೀನು ಹಿಡಿಯುತ್ತಾರೆ, ರೈತರು ಭತ್ತ ಬೆಳೆಯುತ್ತಾರೆ. ನೆರೆ ಇಳಿದ ಮೇಲೆ ಅದೇ ನೆಲಕ್ಕೆ ಫುಲಾನಿ ದನಗಾಹಿಗಳು ಹಿಂಡು ಹೊಡೆದುಕೊಂಡು ಬರುತ್ತಾರೆ. ಒಂದೇ ನೆಲಕ್ಕೆ ಮೂವರು ಹಕ್ಕುದಾರರು. ಮುಂದೆ ಬರುವ ಜಗಳಕ್ಕೆ ಇದೂ ಒಂದು ಬೇರು.

ಊಟಕ್ಕೆ ಇಷ್ಟು ಕೊಡುವ ನದಿ ವ್ಯಾಪಾರಕ್ಕೆ ಅಷ್ಟಾಗಿ ದಾರಿ ಕೊಡುವುದಿಲ್ಲ. ಮಳೆಗಾಲದ ಬೆನ್ನಿಗೆ ಕೆಲವೇ ತಿಂಗಳು ದೊಡ್ಡ ದೋಣಿ ಓಡುವಷ್ಟು ನೀರಿರುತ್ತದೆ, ಅದೂ ದೇಶದೊಳಗೆ ಮಾತ್ರ. ಸಮುದ್ರದ ತನಕ ಹಡಗು ಹೋಗುವ ಮಾತಿಲ್ಲ.

ಜನ ಎಲ್ಲಿದ್ದಾರೆ

2022ರ ಜನಗಣತಿ ಪ್ರಕಾರ ಮಾಲಿಯ ಜನಸಂಖ್ಯೆ 2.2 ಕೋಟಿ ದಾಟಿದೆ. 1960ರಲ್ಲಿ ಸ್ವಾತಂತ್ರ್ಯ ಬಂದಾಗ ಇದ್ದದ್ದು ಸುಮಾರು 50 ಲಕ್ಷ. ಹೆಚ್ಚುಕಮ್ಮಿ ಅರ್ಧ ಜನ 15 ವರ್ಷದೊಳಗಿನವರು. ಒಬ್ಬ ಹೆಂಗಸಿಗೆ ಸರಾಸರಿ ಐದಕ್ಕೂ ಹೆಚ್ಚು ಮಕ್ಕಳು.

ಹತ್ತರಲ್ಲಿ ಒಂಬತ್ತು ಜನ ದೇಶದ ದಕ್ಷಿಣದ ಮೂರನೇ ಒಂದು ಭಾಗದಲ್ಲಿದ್ದಾರೆ. ಟಿಂಬಕ್ಟು, ಗಾವೊ, ಕಿಡಾಲ್ ಕಡೆಯ ವಿಶಾಲ ಉತ್ತರದಲ್ಲಿ ಉಳಿದ ಒಬ್ಬ. 2012ರ ಬಂಡಾಯದಲ್ಲಿ ಉತ್ತರ ಭಾಗ ಸರ್ಕಾರದ ಕೈತಪ್ಪಿದಾಗ ನಕ್ಷೆಯಲ್ಲಿ ಮೂರನೇ ಎರಡು ಭಾಗ ಹೋದಂತೆ ಕಂಡಿತು. ಆದರೆ ಬಮಾಕೊದ ದಿನನಿತ್ಯದ ಬದುಕು ನಿಲ್ಲಲಿಲ್ಲ. ಈಗ ಪೆಟ್ಟು ಬಿದ್ದಿರುವುದು ದಕ್ಷಿಣ ಮತ್ತು ಪಶ್ಚಿಮಕ್ಕೆ: ಜನ ಇರುವ, ಹೊಲ ಇರುವ, ಗಣಿ ಇರುವ, ಬಂದರಿನ ದಾರಿ ಇರುವ ಭಾಗಕ್ಕೆ. ಹಾಗಾಗಿ 2012ರ ಬಿಕ್ಕಟ್ಟಿಗಿಂತ ಇದು ದೊಡ್ಡದು ಎಂದೇ ಹೇಳಬೇಕು. ಆಗ ಕಳೆದುಕೊಂಡದ್ದು ನೆಲ, ಈಗ ಸರಬರಾಜು.

ರಾಜಧಾನಿ ಬಮಾಕೊ ಒಂದೇ ಊರಿನಲ್ಲಿ 40 ಲಕ್ಷದ ಆಸುಪಾಸು ಜನರಿದ್ದಾರೆ. ಸ್ವಾತಂತ್ರ್ಯದ ಹೊತ್ತಿಗೆ ಅದು ಒಂದೂವರೆ ಲಕ್ಷವೂ ಇಲ್ಲದ ಪಟ್ಟಣ. ಇಷ್ಟು ಬೇಗ ಬೆಳೆದ ಊರು ಪೆಟ್ರೋಲಿನ ಮೇಲೇ ಓಡುತ್ತದೆ. 'ಜಕಾರ್ತಾ' ಎಂದು ಕರೆಯುವ ಸಣ್ಣ ಬೈಕುಗಳು, 'ಸೊತ್ರಾಮಾ' ಎಂಬ ಹಸಿರು ಬಣ್ಣದ ಮಿನಿ ವ್ಯಾನುಗಳು, ಇಷ್ಟೇ ಸಾಮಾನ್ಯ ಜನರ ಸಾರಿಗೆ.

ಬಂದರಿಲ್ಲ ಅನ್ನೋದು ಹಣೆಬರಹವೇ?

ಸಮುದ್ರವಿಲ್ಲದ್ದು ಭೂಗೋಳ. ಅದರಿಂದ ಕಷ್ಟಪಡುವುದು ಮಾತ್ರ ಬಹಳ ಮಟ್ಟಿಗೆ ಇತಿಹಾಸ ಮತ್ತು ರಾಜಕೀಯ.

14ನೇ ಶತಮಾನದಲ್ಲಿ ಈ ಭಾಗದ ಮಾಲಿ ಸಾಮ್ರಾಜ್ಯ ಜಗತ್ತಿನ ದೊಡ್ಡ ಚಿನ್ನದ ಮೂಲವಾಗಿತ್ತು. 1324ರಲ್ಲಿ ಮೆಕ್ಕಾ ಯಾತ್ರೆಗೆ ಹೊರಟ ಮಾನ್ಸಾ ಮೂಸಾ ಕೈರೋದಲ್ಲಿ ಹಂಚಿದ ಚಿನ್ನದ ಕತೆ ಇಂದಿಗೂ ಹೇಳುತ್ತಾರೆ. ಆಗ ವ್ಯಾಪಾರದ ಹೆದ್ದಾರಿ ಇದ್ದದ್ದು ಸಹಾರಾ ಮರುಭೂಮಿಯಲ್ಲಿ. ಉತ್ತರದಿಂದ ಉಪ್ಪು ಒಂಟೆಗಳ ಮೇಲೆ ಬರುತ್ತಿತ್ತು, ದಕ್ಷಿಣದಿಂದ ಚಿನ್ನ ಹೋಗುತ್ತಿತ್ತು. ಟಿಂಬಕ್ಟು ಆ ದಾರಿಯ ಬಾಯಲ್ಲಿ ಕೂತ ಪೇಟೆ. ಆಮೇಲೆ ಯೂರೋಪಿನ ಹಡಗುಗಳು ಅಟ್ಲಾಂಟಿಕ್ ತೀರಕ್ಕೆ ಬಂದವು, ವ್ಯಾಪಾರ ನಿಧಾನವಾಗಿ ಕರಾವಳಿಯ ಕಡೆ ತಿರುಗಿತು. ಮಾಲಿ ಇದ್ದಲ್ಲೇ ಇತ್ತು, ಆದರೆ ಹೆದ್ದಾರಿಯ ಮಧ್ಯದ ನಾಡು ಹಿತ್ತಿಲಿನ ನಾಡಾಯಿತು.

ಸೆನೆಗಲ್‌ನ ಬಂದರು ಡಾಕರ್‌ನಿಂದ ಬಮಾಕೊಗೆ ಫ್ರೆಂಚರು ಹಾಕಿದ ರೈಲು ಹಳಿ ಈ ಹೊಸ ದಿಕ್ಕನ್ನು ಗಟ್ಟಿ ಮಾಡಿತು. 1960ರಲ್ಲಿ ಸೆನೆಗಲ್ ಮತ್ತು ಈಗಿನ ಮಾಲಿ ಸೇರಿ ಒಂದೇ ಒಕ್ಕೂಟವಾಗಿ ಸ್ವತಂತ್ರವಾದವು. ಎರಡೇ ತಿಂಗಳಲ್ಲಿ ಜಗಳವಾಡಿ ಬೇರೆಯಾದವು. ಸಿಟ್ಟಿಗೆದ್ದ ಮಾಲಿ ಡಾಕರ್ ರೈಲು ಸಂಪರ್ಕವನ್ನೇ ಕಡಿದುಕೊಂಡಿತು. ಸುಮಾರು ಮೂರು ವರ್ಷ ರೈಲು ಓಡಲಿಲ್ಲ, ಸರಕೆಲ್ಲ ಐವರಿ ಕೋಸ್ಟ್‌ನ ಬಂದರು ಅಬಿಜಾನ್ ಕಡೆಯಿಂದ ದೂರದ ರಸ್ತೆ ಹಿಡಿದು ಬರಬೇಕಾಯಿತು. 1962ರಲ್ಲಿ ಫ್ರಾನ್ಸ್ ಬೆಂಬಲದ ಸಿಎಫ್‌ಎ ಫ್ರಾಂಕ್ ಬಿಟ್ಟು ಸ್ವಂತ ನಾಣ್ಯ ತಂದರು. ಅದೂ ಬಾಳಲಿಲ್ಲ. 1984ರಲ್ಲಿ ಮರಳಿ ಸಿಎಫ್‌ಎಗೆ ಸೇರಿದರು.

ಈ ಹಳೆಯ ಕತೆ ಇಲ್ಲಿ ಯಾಕೆ ಅಂದರೆ, ಸ್ವಾಭಿಮಾನದ ಹೆಸರಲ್ಲಿ ನೆರೆಯವರಿಂದ ದೂರ ಸರಿಯುವುದು ಮಾಲಿ ಸರ್ಕಾರಗಳಿಗೆ ಹೊಸದಲ್ಲ. ಆ ಸ್ವಾಭಿಮಾನ ಸುಳ್ಳಲ್ಲ, ವಸಾಹತು ಅನುಭವಿಸಿದವರ ನಿಜವಾದ ನೋವು ಅದರಲ್ಲಿದೆ. ಆದರೆ ಪ್ರತಿ ಸಲವೂ ಅದರ ಬೆಲೆ ಸಾಗಾಟದ ವೆಚ್ಚವಾಗಿ ಜನಸಾಮಾನ್ಯರ ಮೇಲೆ ಬಿದ್ದಿದೆ. ಆ ಡಾಕರ್ ರೈಲೂ ವರ್ಷಗಳ ಹಿಂದೆಯೇ ನಿಂತಿದೆ. ಬಂದರಿನ ಸರಕಿಗೆ ಈಗ ಉಳಿದಿರುವುದು ಲಾರಿ ಮಾತ್ರ.

ಚಿನ್ನ, ಹತ್ತಿ, ದನ

ಮಾಲಿಯ ರಫ್ತಿನಲ್ಲಿ ಐದರಲ್ಲಿ ನಾಲ್ಕು ಪಾಲು ಚಿನ್ನವೇ. ನಂತರದ ಸ್ಥಾನ ಹತ್ತಿ ಮತ್ತು ಜಾನುವಾರಿಗೆ. ದೊಡ್ಡ ಗಣಿಗಳಾದ ಲೂಲೊ-ಗುಂಕೊಟೊ, ಸಾಡಿಯೋಲ, ಫೆಕೋಲ ಇರುವುದು ಪಶ್ಚಿಮದ ಕಾಯೆಸ್ ಪ್ರಾಂತ್ಯದಲ್ಲಿ, ಸೆನೆಗಲ್ ಗಡಿಯ ಹತ್ತಿರ.

ಚಿನ್ನ ಹಗುರ. ಹೆಲಿಕಾಪ್ಟರ್‌ನಲ್ಲಿ, ವಿಮಾನದಲ್ಲಿ ಹೋಗುತ್ತದೆ. ಅದಕ್ಕೆ ರಸ್ತೆ ಬೇಕಿಲ್ಲ. ಡೀಸೆಲ್ ಹಾಗಲ್ಲ, ಅದು ಟನ್‌ಗಟ್ಟಲೆ ಟ್ಯಾಂಕರ್‌ನಲ್ಲೇ ಬರಬೇಕು. ಹತ್ತಿಯೂ ಅಷ್ಟೇ, ಟನ್‌ಗಟ್ಟಲೆ ಲಾರಿಯಲ್ಲೇ ಬಂದರಿಗೆ ಹೋಗಬೇಕು, ಯಾಕೆಂದರೆ ಬೆಳೆದ ಹತ್ತಿಯಲ್ಲಿ ತೀರಾ ಸಣ್ಣ ಪಾಲು ಮಾತ್ರ ದೇಶದೊಳಗೆ ನೂಲಾಗುತ್ತದೆ. ಆದ್ದರಿಂದ ರಸ್ತೆ ಬಂದ್ ಆದರೂ ಚಿನ್ನದ ರಫ್ತು ಸ್ವಲ್ಪ ಕಾಲ ನಡೆಯಬಹುದು, ಸರ್ಕಾರದ ಲೆಕ್ಕಪುಸ್ತಕ ಚೆನ್ನಾಗಿಯೇ ಕಾಣಬಹುದು. ಅದೇ ಹೊತ್ತಿಗೆ ಊರಿನ ಬದುಕು ನಿಂತುಹೋಗುತ್ತದೆ. 'ಚಿನ್ನ ಇದ್ದೂ ಪೆಟ್ರೋಲ್ ಇಲ್ಲ' ಎಂಬ ಒಗಟಿನ ಅರ್ಧ ಉತ್ತರ ಇದು.

ಗಣಿಗಳಲ್ಲೂ ಎಲ್ಲ ಸರಿಯಿರಲಿಲ್ಲ. 2023ರ ಹೊಸ ಗಣಿ ಕಾನೂನು ಸರ್ಕಾರ ಮತ್ತು ಸ್ಥಳೀಯರ ಪಾಲನ್ನು 35% ತನಕ ಏರಿಸಿತು. ಕೆನಡಾದ ಬ್ಯಾರಿಕ್ ಕಂಪನಿಯ ಜೊತೆ ಜಗಳ ಶುರುವಾಯಿತು. ಸರ್ಕಾರ ಕಂಪನಿಯ ನೌಕರರನ್ನು ಬಂಧಿಸಿತು, 2025ರ ಜನವರಿಯಲ್ಲಿ ಸುಮಾರು 3 ಟನ್ ಚಿನ್ನ ವಶಪಡಿಸಿಕೊಂಡಿತು. ದೇಶದ ಅತಿ ದೊಡ್ಡ ಗಣಿ ತಿಂಗಳುಗಟ್ಟಲೆ ನಿಂತಿತು. ನವೆಂಬರ್ ಕೊನೆಯಲ್ಲಷ್ಟೇ ರಾಜಿಯಾಯಿತು. ಇಡೀ ದೇಶದ ಕಂಪನಿ ಗಣಿಗಳ ಒಟ್ಟು ಉತ್ಪಾದನೆ 2023ರಲ್ಲಿ 66 ಟನ್ ಆಸುಪಾಸಿದ್ದದ್ದು 2024ರಲ್ಲೇ 50 ಟನ್ ಆಸುಪಾಸಿಗೆ ಇಳಿದಿತ್ತು. ತನ್ನ ನೆಲದ ಚಿನ್ನದಲ್ಲಿ ಹೆಚ್ಚು ಪಾಲು ಕೇಳುವುದು ನ್ಯಾಯವೇ. ಆದರೆ ಹೆಚ್ಚಿದ ಆ ಪಾಲು ಕಾಯೆಸ್‌ನ ಹಳ್ಳಿಗಳಿಗೆ ತಲುಪುತ್ತಿದೆಯೇ ಎಂಬ ಪ್ರಶ್ನೆ ಹಾಗೇ ಉಳಿದಿದೆ. 2025ರ ಫೆಬ್ರವರಿಯಲ್ಲಿ ಅದೇ ಪ್ರಾಂತ್ಯದ ಕೆನಿಯೆಬಾ ಹತ್ತಿರ, ಬಿಟ್ಟುಹೋದ ಗುಂಡಿಯಲ್ಲಿ ಚೂರುಪಾರು ಚಿನ್ನ ಹುಡುಕುತ್ತಿದ್ದವರ ಮೇಲೆ ಮಣ್ಣು ಕುಸಿದು 40ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಹೆಂಗಸರು.

ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ ಮಾಲಿ ಜಗತ್ತಿನ ಕೊನೆಯ ಹತ್ತು ದೇಶಗಳಲ್ಲಿ ಒಂದು. ಕಾಯೆಸ್ ಕಡೆಯ ಸೋನಿಂಕೆ ಕುಟುಂಬಗಳು ಹಲವು ತಲೆಮಾರಿನಿಂದ ಫ್ರಾನ್ಸ್‌ಗೆ ದುಡಿಯಲು ಹೋಗುತ್ತಿವೆ. ಎಷ್ಟೋ ಹಳ್ಳಿಗಳಲ್ಲಿ ಶಾಲೆ, ಆಸ್ಪತ್ರೆ, ಬಾವಿ ಕಟ್ಟಿಸಿದ್ದು ಅವರು ಕಳಿಸಿದ ದುಡ್ಡು. ಚಿನ್ನದ ಮೇಲೆ ಕೂತ ಪ್ರಾಂತ್ಯ ವಲಸೆ ಹೋದ ಮಕ್ಕಳನ್ನು ನಂಬಿ ಬದುಕುತ್ತಿದೆ. ಇಂಥ ಕಡೆ ಸರ್ಕಾರದ ಮೇಲೆ ನಂಬಿಕೆ ತೆಳ್ಳಗಿರುವುದರಲ್ಲಿ ಆಶ್ಚರ್ಯವೇನಿದೆ?

ದಿಗ್ಬಂಧನ ನಡೆದದ್ದು ಹೇಗೆ

ರಸ್ತೆಗಳನ್ನು ತಡೆದವರು ಜೆಎನ್‌ಐಎಂ. ಅಲ್ ಖೈದಾಗೆ ನಿಷ್ಠವಾದ ನಾಲ್ಕು ಗುಂಪುಗಳು 2017ರಲ್ಲಿ ಸೇರಿ ಆದ ಸಂಘಟನೆ. ನಾಯಕ ಇಯಾದ್ ಅಗ್ ಘಾಲಿ ಉತ್ತರದ ತುವಾರೆಗ್ ಎಂಬ ಮರುಭೂಮಿ ಸಮುದಾಯದವನು, ಹಿಂದೆ ತುವಾರೆಗ್ ಬಂಡಾಯದಲ್ಲಿದ್ದವನು. ಎರಡನೆಯವನು ಅಮಾದು ಕೂಫಾ, ಮೋಪ್ತಿ ಕಡೆಯ ಫುಲಾನಿ ಬೋಧಕ.

2025ರ ಜುಲೈ 1ರಂದು ಇವರು ಕಾಯೆಸ್, ನಿಯೋರೊ, ಗಡಿಯ ದಿಬೋಲಿ ಸೇರಿ ಹಲವು ಊರುಗಳ ಮೇಲೆ ಒಂದೇ ದಿನ ದಾಳಿ ಮಾಡಿದರು. ಕಾಯೆಸ್‌ನ ಸಿಮೆಂಟ್ ಕಾರ್ಖಾನೆಯಿಂದ ಮೂವರು ಭಾರತೀಯರ ಅಪಹರಣವಾದದ್ದು ಅವತ್ತೇ. ಸೆಪ್ಟೆಂಬರ್ ಆರಂಭದಲ್ಲಿ ಕಾಯೆಸ್ ಮತ್ತು ನಿಯೋರೊಗೆ ದಿಗ್ಬಂಧನ ಘೋಷಿಸಿದರು, ಹೊರಗಿನಿಂದ ಇಂಧನ ಬರಲು ಬಿಡುವುದಿಲ್ಲ ಎಂದರು. ಇದಕ್ಕೂ ಮುಂಚೆ ಸರ್ಕಾರ ಹಳ್ಳಿಗಾಡಿನಲ್ಲಿ ಕ್ಯಾನುಗಳಲ್ಲಿ ಪೆಟ್ರೋಲ್ ಮಾರುವುದನ್ನು ತಡೆದಿತ್ತು. ಉಗ್ರರ ಬೈಕುಗಳಿಗೆ ಎಣ್ಣೆ ಸಿಗಬಾರದು ಎಂಬುದು ಉದ್ದೇಶ. 'ನಮಗಿಲ್ಲದ್ದು ನಿಮಗೂ ಇಲ್ಲ' ಎಂಬಂತೆ ಬಂದ ಉತ್ತರ ಇದು.

ಒಂದು ಟ್ಯಾಂಕರ್‌ನ ದಾರಿ ನೋಡಿ. ಡಾಕರ್‌ನಿಂದ ಬಮಾಕೊಗೆ ಸಾವಿರದ ಇನ್ನೂರಕ್ಕೂ ಹೆಚ್ಚು ಕಿ.ಮೀ. ಫಲೇಮೆ ನದಿಯ ದಡದ ದಿಬೋಲಿಯಲ್ಲಿ ಗಡಿ ದಾಟಿದ ಮೇಲೂ ಸುಮಾರು 700 ಕಿ.ಮೀ. ಬಾಕಿ. ಎರಡೂ ಬದಿ ಕುರುಚಲು ಕಾಡು, ಅಲ್ಲೊಂದು ಇಲ್ಲೊಂದು ಹಳ್ಳಿ. ಒಂಟಿಯಾಗಿ ಹೋಗಲು ಧೈರ್ಯವಿಲ್ಲ. ಹಾಗಾಗಿ ನೂರಾರು ಟ್ಯಾಂಕರ್‌ಗಳು ಗಡಿಯಲ್ಲಿ ಸೇನೆಗಾಗಿ ದಿನಗಟ್ಟಲೆ ಕಾಯುತ್ತವೆ. ಸೇನೆಯ ಜೀಪುಗಳು ಹಿಂದೆ ಮುಂದೆ ನಿಂತು ಬೆಂಗಾವಲು ಹೊರಡುತ್ತದೆ. ಇಷ್ಟು ಉದ್ದದ ಸಾಲನ್ನು ಎಲ್ಲ ಕಡೆ ಕಾಯುವುದು ಆಗದ ಮಾತು. ಕಾಡಿನಿಂದ ಬೈಕಿನಲ್ಲಿ ಬಂದವರು ಗುಂಡು ಹಾರಿಸುತ್ತಾರೆ. ಮುಂದಿನ ಒಂದು ಟ್ಯಾಂಕರ್‌ಗೆ ಬೆಂಕಿ ಬಿದ್ದರೆ ಹಿಂದಿನವು ಮುಂದೆ ಹೋಗಲಾರವು, ಇಕ್ಕಟ್ಟಿನಲ್ಲಿ ತಿರುಗಲೂ ಆರವು. ಸೆಪ್ಟೆಂಬರ್ ಮಧ್ಯದಲ್ಲಿ ಹೀಗೆ ಒಂದೇ ದಾಳಿಯಲ್ಲಿ ಹತ್ತಾರು ಟ್ಯಾಂಕರ್‌ಗಳು ಸುಟ್ಟುಹೋದವು. ಅಬಿಜಾನ್ ಕಡೆಯಿಂದ ಸಿಕಾಸೊ, ಬುಗುನಿ ಮೂಲಕ ಬರುವ ದಕ್ಷಿಣದ ದಾರಿಯಲ್ಲೂ ಇದೇ ಪಾಡು.

ಪ್ರತಿ ಲಾರಿಯನ್ನೂ ಸುಡುವ ಅಗತ್ಯವೇ ಇಲ್ಲ. ಹತ್ತಿಪ್ಪತ್ತು ಸುಟ್ಟರೆ ಉಳಿದ ಚಾಲಕರು ತಾವಾಗಿಯೇ ನಿಲ್ಲುತ್ತಾರೆ. ಒಂದು ಬೈಕು, ಒಂದು ಬಂದೂಕಿನ ಖರ್ಚಿನಲ್ಲಿ ಲಕ್ಷಾಂತರ ಡಾಲರ್ ಮೌಲ್ಯದ ಸಾಗಾಟ ನಿಲ್ಲುತ್ತದೆ. ಈ ತಂತ್ರವನ್ನು ಅವರು ವರ್ಷಗಳಿಂದ ಸಣ್ಣ ಊರುಗಳ ಮೇಲೆ ಪ್ರಯೋಗ ಮಾಡಿದ್ದರು: 2020ರಲ್ಲಿ ಫರಾಬುಗು ಹಳ್ಳಿ, 2023ರಲ್ಲಿ ಟಿಂಬಕ್ಟು. 2025ರಲ್ಲಿ ಅದನ್ನೇ ರಾಜಧಾನಿಗೆ ಹಿಗ್ಗಿಸಿದರು.

ಡೀಸೆಲ್ ನಿಂತರೆ ಏನೇನು ನಿಲ್ಲುತ್ತದೆ

ಪೆಟ್ರೋಲ್ ಬಂಕ್ ಮುಂದಿನ ಸಾಲು ಟಿವಿಯಲ್ಲಿ ಕಾಣುತ್ತದೆ. ಅದರ ಹಿಂದಿನ ಸರಪಳಿ ಕಾಣುವುದಿಲ್ಲ.

ಮೊದಲನೆಯದು ಕರೆಂಟು. ಮಾಲಿಗೆ ಮನಂತಾಲಿ, ಸೆಲಿಂಗೆ ಅಣೆಕಟ್ಟುಗಳ ಜಲವಿದ್ಯುತ್ ಇದೆ, ಐವರಿ ಕೋಸ್ಟ್‌ನಿಂದ ಖರೀದಿಯೂ ಇದೆ. ಆದರೂ ದೊಡ್ಡ ಪಾಲು ಡೀಸೆಲ್ ಮತ್ತು ಭಾರ ತೈಲದ ಸ್ಥಾವರಗಳಿಂದ ಬರಬೇಕು. ಸಾಲದಲ್ಲಿ ಮುಳುಗಿದ ಸರ್ಕಾರಿ ವಿದ್ಯುತ್ ಕಂಪನಿ 2023ರಿಂದಲೇ ಗಂಟೆಗಟ್ಟಲೆ ಪವರ್ ಕಟ್ ಮಾಡುತ್ತಿತ್ತು. ಕರೆಂಟು ಹೋದಾಗ ಆಸ್ಪತ್ರೆ, ಬೇಕರಿ, ಐಸ್ ಫ್ಯಾಕ್ಟರಿಗಳು ಜನರೇಟರ್ ಹಾಕಿಕೊಳ್ಳುತ್ತಿದ್ದವು. ಡೀಸೆಲ್ ಇಲ್ಲ ಅಂದರೆ ಆ ಆಸರೆಯೂ ಹೋಯಿತು. ಮೋಪ್ತಿಯ ಮೀನಿಗೆ ಐಸ್ ಸಿಗಲಿಲ್ಲ ಅಂದರೆ ಅದು ಬಮಾಕೊ ತಲುಪುವುದಿಲ್ಲ.

ಎರಡನೆಯದು ಹೊಲ. ದಿಗ್ಬಂಧನ ಬಿಗಿಯಾದ ತಿಂಗಳುಗಳು ಕೊಯ್ಲಿನ ತಿಂಗಳುಗಳೇ. ನೈಜರ್ ನದಿಗೆ ಮರ್ಕಾಲಾದಲ್ಲಿ ಒಡ್ಡು ಕಟ್ಟಿ, ಕಾಲುವೆ ಎಳೆದು ಮಾಡಿದ 'ಆಫೀಸ್ ದು ನೈಜರ್' ಎಂಬ ದೊಡ್ಡ ನೀರಾವರಿ ಪ್ರದೇಶ ಸೆಗು ಪ್ರಾಂತ್ಯದಲ್ಲಿದೆ, ದೇಶದ ಅಕ್ಕಿಯ ಕಣಜ. ಅಲ್ಲಿ ಭತ್ತ ಬಡಿಯುವ ಯಂತ್ರಕ್ಕೆ ಡೀಸೆಲ್ ಬೇಕು, ಚೀಲ ಸಾಗಿಸಲು ಲಾರಿ ಬೇಕು. ಹತ್ತಿ ಹಳ್ಳಿಯಿಂದ ಜಿನ್ನಿಂಗ್ ಕಾರ್ಖಾನೆಗೆ ಹೋಗಬೇಕು. ತಡವಾದರೆ ರೈತನಿಗೆ ದುಡ್ಡು ತಡ. ದುಡ್ಡು ತಡವಾದರೆ ಮುಂದಿನ ಬಿತ್ತನೆಗೆ ಗೊಬ್ಬರದ ಸಾಲ ತೀರುವುದಿಲ್ಲ. ಅಕ್ಟೋಬರ್‌ನಲ್ಲಿ ಸುಟ್ಟ ಟ್ಯಾಂಕರ್‌ನ ನಷ್ಟ ಮುಂದಿನ ವರ್ಷದ ಬೆಳೆಯಲ್ಲೂ ಕಾಣುವುದು ಹೀಗೆ.

ಇಲ್ಲಿಗೆ ಬಂದದ್ದು ಹೇಗೆ

2011ರಲ್ಲಿ ಲಿಬಿಯಾದ ಗಡಾಫಿ ಬಿದ್ದ ಮೇಲೆ ಅವನ ಸೇನೆಯಲ್ಲಿದ್ದ ತುವಾರೆಗ್ ಹೋರಾಟಗಾರರು ಶಸ್ತ್ರಗಳ ಸಮೇತ ಉತ್ತರ ಮಾಲಿಗೆ ಮರಳಿದರು. 2012ರಲ್ಲಿ ಬಂಡಾಯ ಎದ್ದಿತು, ಬಮಾಕೊದಲ್ಲಿ ಸೇನಾ ದಂಗೆಯಾಯಿತು, ಉತ್ತರ ಜಿಹಾದಿ ಗುಂಪುಗಳ ಪಾಲಾಯಿತು. 2013ರಲ್ಲಿ ಫ್ರೆಂಚ್ ಸೇನೆ ಬಂದು ಊರುಗಳನ್ನು ಬಿಡಿಸಿತು, ವಿಶ್ವಸಂಸ್ಥೆಯ ಶಾಂತಿಪಡೆಯೂ ಬಂತು. ಆದರೆ ಊರು ಬಿಟ್ಟ ಗುಂಪುಗಳು ಹಳ್ಳಿಗಾಡಿಗೆ ಹರಡಿದವು. ಮಧ್ಯ ಮಾಲಿಯಲ್ಲಿ ಮೇವು, ಭೂಮಿ, ನೀರಿನ ಜಗಳಗಳಿದ್ದ ಕಡೆ ನುಸುಳಿದವು. ನ್ಯಾಯ ಸಿಗದ ದನಗಾಹಿಗಳಿಗೆ 'ನಾವು ನ್ಯಾಯ ಕೊಡುತ್ತೇವೆ' ಎಂದವು. ಊರ ರಕ್ಷಣೆಗೆಂದು ಹುಟ್ಟಿದ ಡೋಗೋನ್ ಬೇಟೆಗಾರರ ಪಡೆಗಳಿಗೂ ಫುಲಾನಿಗಳಿಗೂ ಹಗೆ ಬೆಳೆಯಿತು. 2019ರ ಮಾರ್ಚ್‌ನಲ್ಲಿ ಒಗೊಸಾಗು ಎಂಬ ಫುಲಾನಿ ಹಳ್ಳಿಯಲ್ಲಿ 150ಕ್ಕೂ ಹೆಚ್ಚು ಜನರ ಹತ್ಯೆಯಾಯಿತು. ಫ್ರೆಂಚ್ ಸೇನೆ ಇದ್ದ ಕಾಲದಲ್ಲೇ ನಡೆದದ್ದು ಇದೆಲ್ಲ. ಅವರು ಇದ್ದಿದ್ದರೆ ಸರಿಯಿರುತ್ತಿತ್ತು ಎಂದು ಸುಲಭವಾಗಿ ಹೇಳುವಂತಿಲ್ಲ.

2020 ಮತ್ತು 2021ರ ಎರಡು ದಂಗೆಗಳ ಮೂಲಕ ಕರ್ನಲ್ ಅಸಿಮಿ ಗೊಯಿತಾ ಅಧಿಕಾರಕ್ಕೆ ಬಂದರು. ರಷ್ಯಾದ ವ್ಯಾಗ್ನರ್ ಎಂಬ ಬಾಡಿಗೆ ಸೈನಿಕರ ಪಡೆ ಬಂತು, 2022ರಲ್ಲಿ ಫ್ರೆಂಚರು ಹೊರಟರು, 2023ರ ಕೊನೆಗೆ ವಿಶ್ವಸಂಸ್ಥೆಯ ಪಡೆಯೂ ಹೊರಟಿತು. ಅದೇ ವರ್ಷ ನವೆಂಬರ್‌ನಲ್ಲಿ ಸೇನೆ ಕಿಡಾಲ್ ಮರಳಿ ಪಡೆದಾಗ ಬಮಾಕೊದಲ್ಲಿ ಜನ ಸಂಭ್ರಮಿಸಿದರು. ಆದರೆ ಸೇನೆ ಉತ್ತರದ ಗೆಲುವಿನಲ್ಲಿ ಮುಳುಗಿದ್ದಾಗ ಜೆಎನ್‌ಐಎಂ ಪಶ್ಚಿಮ ಮತ್ತು ದಕ್ಷಿಣದ ರಸ್ತೆಗಳ ಕಡೆ ಇಳಿಯುತ್ತಿತ್ತು. 2025ರ ಜನವರಿಯಲ್ಲಿ ಮಾಲಿ, ಬುರ್ಕಿನಾ ಫಾಸೊ, ನೈಜರ್ ಮೂರೂ ಇಕೋವಾಸ್ ಎಂಬ ಪಶ್ಚಿಮ ಆಫ್ರಿಕಾ ಒಕ್ಕೂಟ ಬಿಟ್ಟು ತಮ್ಮದೇ ಸಾಹೇಲ್ ಒಕ್ಕೂಟದಲ್ಲಿ ಉಳಿದವು. ಏಪ್ರಿಲ್ ಹೊತ್ತಿಗೆ ಡ್ರೋನ್ ಹೊಡೆದುರುಳಿಸಿದ ವಿಚಾರಕ್ಕೆ ಅಲ್ಜೀರಿಯಾ ಜೊತೆಗೂ ಸಂಬಂಧ ಹರಿಯಿತು. ಮೇ ತಿಂಗಳಲ್ಲಿ ರಾಜಕೀಯ ಪಕ್ಷಗಳನ್ನೆಲ್ಲ ವಿಸರ್ಜಿಸಿದರು. ಜುಲೈನಲ್ಲಿ ಗೊಯಿತಾಗೆ ಚುನಾವಣೆಯಿಲ್ಲದೆ ಐದು ವರ್ಷ, ಬೇಕಾದರೆ ಮತ್ತೆ ಮುಂದುವರಿಸಬಹುದಾದ ಅಧಿಕಾರ ಕೊಟ್ಟರು.

2022ರಲ್ಲಿ ಇಕೋವಾಸ್ ಕೂಡ ಮಾಲಿಯ ಮೇಲೆ ನಿರ್ಬಂಧ ಹೇರಿ ಗಡಿ ಮುಚ್ಚಿತ್ತು. ಆದರೆ ಔಷಧ, ಆಹಾರ, ಇಂಧನಕ್ಕೆ ವಿನಾಯಿತಿ ಕೊಟ್ಟಿತ್ತು. ಜೆಎನ್‌ಐಎಂ ತಡೆದದ್ದು ಆ ವಿನಾಯಿತಿ ಪಟ್ಟಿಯಲ್ಲಿದ್ದ ವಸ್ತುವನ್ನೇ.

ಯಾರ ವಾದ ಏನು

ಸರ್ಕಾರದ ಪ್ರಕಾರ ಇದು ಹೊರಗಿನ ಶಕ್ತಿಗಳ ಕುಮ್ಮಕ್ಕಿನಿಂದ ನಡೆಯುತ್ತಿರುವ ಆರ್ಥಿಕ ಯುದ್ಧ. ಸಾರ್ವಭೌಮತ್ವಕ್ಕೆ ತೆರುತ್ತಿರುವ ಬೆಲೆ. ಈ ಮಾತಿಗೆ ಜನರ ಬೆಂಬಲವಿಲ್ಲ ಅಂದುಕೊಳ್ಳಬೇಡಿ. ಹತ್ತು ವರ್ಷ ಫ್ರೆಂಚ್ ಸೇನೆಯಿದ್ದೂ ಸುರಕ್ಷತೆ ಬರಲಿಲ್ಲ ಎಂಬ ಸಿಟ್ಟು ನಿಜ. ಬೆಂಗಾವಲು ಪಡೆ ಟ್ಯಾಂಕರ್ ತಲುಪಿಸಿದಾಗೆಲ್ಲ ಜನ ಬೀದಿಗೆ ಬಂದು ಸ್ವಾಗತಿಸಿದ್ದಾರೆ.

ವಿರೋಧಿಗಳು ಹೇಳುವುದು ಬೇರೆ. ಸೇನೆ ಮತ್ತು ರಷ್ಯನ್ನರ ಕಾರ್ಯಾಚರಣೆಗಳೇ ಹಳ್ಳಿಗರನ್ನು ಉಗ್ರರ ಕಡೆ ತಳ್ಳಿವೆ ಎನ್ನುತ್ತಾರೆ. 2022ರಲ್ಲಿ ಮೌರಾ ಎಂಬ ಹಳ್ಳಿಯಲ್ಲಿ ಕನಿಷ್ಠ 500 ಜನರನ್ನು ಕೊಲ್ಲಲಾಯಿತು ಎಂದು ವಿಶ್ವಸಂಸ್ಥೆಯ ತನಿಖೆ ಹೇಳಿತು, ಸರ್ಕಾರ ಅದನ್ನು ಒಪ್ಪಲಿಲ್ಲ. ಈಗ ಇದನ್ನು ಬಹಿರಂಗವಾಗಿ ಚರ್ಚಿಸಲು ಪಕ್ಷಗಳೇ ಇಲ್ಲ. ಮಾಜಿ ಪ್ರಧಾನಿ ಮೂಸಾ ಮಾರಾ ಜೈಲಿನಲ್ಲಿದ್ದ ರಾಜಕೀಯ ಕೈದಿಗಳ ಪರ ಮಾತಾಡಿದ್ದಕ್ಕೆ ತಾವೇ ಶಿಕ್ಷೆಗೊಳಗಾದರು. ಇಮಾಮ್ ಮಹಮೂದ್ ಡಿಕ್ಕೊ ಥರದವರು ಬಹಳ ಕಾಲದಿಂದ ಉಗ್ರರ ಜೊತೆಗೂ ಮಾತುಕತೆ ಆಗಲಿ ಎನ್ನುತ್ತಿದ್ದಾರೆ.

ಜೆಎನ್‌ಐಎಂ ಬಮಾಕೊ ಹಿಡಿಯುವ ಆತುರದಲ್ಲಿರುವಂತೆ ಕಾಣುವುದಿಲ್ಲ. ಕೆಲವು ಸಾವಿರ ಹೋರಾಟಗಾರರಿಂದ 40 ಲಕ್ಷ ಜನರ ಊರು ಆಳುವುದು ಕಷ್ಟ ಎಂದು ಅವರಿಗೂ ಗೊತ್ತು. 'ಈ ಸರ್ಕಾರದಿಂದ ಒಂದು ಲೀಟರ್ ಪೆಟ್ರೋಲ್ ಕೊಡಿಸಲೂ ಆಗುವುದಿಲ್ಲ' ಎಂದು ಜನರಿಗೆ ದಿನವೂ ತೋರಿಸುವುದು ಅವರಿಗೆ ಸಾಕು. ಜೊತೆಗೆ ಬಸ್ಸಿನಲ್ಲಿ ಹೋಗುವ ಹೆಂಗಸರು ತಲೆ ಮುಚ್ಚಲೇಬೇಕು ಎಂಬಂಥ ಷರತ್ತುಗಳನ್ನು ಸಾರಿಗೆಯವರ ಮೇಲೆ ಹೇರಿದರು. ರಸ್ತೆಯ ಯಜಮಾನಿಕೆ ಹೀಗೆ ಜನರ ಬದುಕಿನ ಯಜಮಾನಿಕೆಯಾಗುತ್ತದೆ. ಇದರ ಮೊದಲ ಏಟು ಬೀಳುವುದು ಹೆಂಗಸರಿಗೆ.

ಬೇರೆ ದಾರಿ ಇದೆಯೇ?

ರಷ್ಯಾ ಎಣ್ಣೆ ಕೊಡಲು ಒಪ್ಪಿದೆ ಎಂಬ ಸುದ್ದಿ ದೊಡ್ಡದಾಗಿ ಬಂತು. ಎಣ್ಣೆ ಯಾರದ್ದಾದರೂ ಹಡಗಿನಿಂದ ಇಳಿದ ಮೇಲೆ ಅದೇ ಡಾಕರ್, ಅದೇ ಅಬಿಜಾನ್, ಅದೇ ರಸ್ತೆ. ಮಾರುವವನು ಬದಲಾದ ಮಾತ್ರಕ್ಕೆ ಟ್ಯಾಂಕರ್‌ಗೆ ಬೀಳುವ ಗುಂಡು ತಪ್ಪುವುದಿಲ್ಲ.

ಮಿತ್ರ ದೇಶ ನೈಜರ್‌ಗೆ ಝಿಂದರ್‌ನಲ್ಲಿ ಸ್ವಂತ ಶುದ್ಧೀಕರಣ ಕಾರ್ಖಾನೆ ಇದೆ. ನವೆಂಬರ್‌ನಲ್ಲಿ ಅಲ್ಲಿಂದ ಹತ್ತಾರು ಟ್ಯಾಂಕರ್‌ಗಳು ಅಪಾಯದ ದಾರಿ ಹಾದು ಬಮಾಕೊ ತಲುಪಿದವು. ಸಂಕಟಕ್ಕೆ ಆದ ನೆಂಟ, ಮೆಚ್ಚಬೇಕಾದ್ದೇ. ಆದರೆ ಸಾವಿರಾರು ಕಿ.ಮೀ. ದೂರದಿಂದ ದೇಶದ ದಿನನಿತ್ಯದ ಹಸಿವು ತೀರುವುದಿಲ್ಲ. ಗಿನಿಯ ಕೊನಾಕ್ರಿ ಹತ್ತಿರವೇ ಇದೆ, ಆದರೆ ಆ ಬಂದರು ಮತ್ತು ರಸ್ತೆಗೆ ಅಷ್ಟು ಭಾರ ಹೊರುವ ಶಕ್ತಿ ಸದ್ಯಕ್ಕಿಲ್ಲ. ಮಾರಿಟೇನಿಯಾದ ನೌಆಕ್‌ಶಾಟ್ ದಾರಿ ನಿಯೋರೊ ಕಡೆಯಿಂದಲೇ ಬರುತ್ತದೆ, ಅದು ದಿಗ್ಬಂಧನದ ಊರು. ಅಲ್ಜೀರಿಯಾದಲ್ಲಿ ಎಣ್ಣೆ ಧಾರಾಳ, ಮಧ್ಯೆ ಸಹಾರಾ ಮತ್ತು ಹಗೆತನ.

ಏಳು ನೆರೆಯವರಲ್ಲಿ ಎಲ್ಲರ ಜೊತೆ ಮಾತು ಚೆನ್ನಾಗಿದ್ದಿದ್ದರೂ ಉಗ್ರರು ಲಾರಿ ಸುಡುತ್ತಿದ್ದರು, ನಿಜ. ಆದರೆ ಗಡಿಯ ಎರಡೂ ಬದಿ ಜಂಟಿ ಪಹರೆ, ಮಾಹಿತಿ ಹಂಚಿಕೆ, ಪರ್ಯಾಯ ದಾರಿಗೆ ಬೇಗ ತಿರುಗುವ ಅನುಕೂಲ ಇರುತ್ತಿತ್ತು. ಒಳನಾಡಿನ ದೇಶಕ್ಕೆ ವಿದೇಶಾಂಗ ನೀತಿಯೂ ಸಾರಿಗೆ ನೀತಿಯೂ ಒಂದೇ. ಈಗಿನ ಆಡಳಿತ ಇದನ್ನು ಕಡೆಗಣಿಸಿತು ಎಂಬುದು ನನ್ನ ಅಭಿಪ್ರಾಯ.

ಮುಂದೆ

ಎಲ್ಲಕ್ಕಿಂತ ಸಾಧ್ಯತೆ ಇರುವುದು ಎಳೆದಾಟ: ಕೆಲವು ವಾರ ಬೆಂಗಾವಲು ಬಲಗೊಂಡು ಎಣ್ಣೆ ಬರುತ್ತದೆ, ಮತ್ತೆ ದಾಳಿಯಾಗಿ ನಿಲ್ಲುತ್ತದೆ. ಹಳ್ಳಿಗಳ ಮಟ್ಟದಲ್ಲಿ ಹಿರಿಯರು ಉಗ್ರರ ಜೊತೆ ಒಪ್ಪಂದ ಮಾಡಿಕೊಳ್ಳುವುದು ಈಗಾಗಲೇ ಇದೆ, ಅದು ಹೆಚ್ಚಬಹುದು. ಆಗ ಸರ್ಕಾರದ ನೆಲ ಯುದ್ಧವಿಲ್ಲದೆಯೇ ಕಡಿಮೆಯಾಗುತ್ತದೆ. ಸೇನೆಯೊಳಗಿನ ಅಸಮಾಧಾನವೂ ಸಣ್ಣದಲ್ಲ. 2025ರ ಆಗಸ್ಟ್‌ನಲ್ಲಿ ಸಂಚಿನ ಆರೋಪದ ಮೇಲೆ ಇಬ್ಬರು ಜನರಲ್‌ಗಳೂ ಸೇರಿ ಹತ್ತಾರು ಸೈನಿಕರ ಬಂಧನವಾಗಿತ್ತು.

ನೆರೆಯವರಿಗೂ ನೆಮ್ಮದಿ ಇಲ್ಲ. ಸೆನೆಗಲ್‌ನ ಅತಿ ದೊಡ್ಡ ರಫ್ತು ಗಿರಾಕಿ ಮಾಲಿಯೇ. ಕಾಯೆಸ್ ರಸ್ತೆ ಬಂದ್ ಆದರೆ ಡಾಕರ್‌ನ ಸಿಮೆಂಟ್, ಎಣ್ಣೆ ವ್ಯಾಪಾರಕ್ಕೆ ನೇರ ಪೆಟ್ಟು. ಮಾರಿಟೇನಿಯಾದ ಎಂಬೆರಾ ಶಿಬಿರದಲ್ಲಿ ಈಗಾಗಲೇ ಲಕ್ಷಕ್ಕೂ ಹೆಚ್ಚು ಮಾಲಿ ನಿರಾಶ್ರಿತರಿದ್ದಾರೆ.

ಪರಿಸ್ಥಿತಿ ಸುಧಾರಿಸಿತೇ ಎಂದು ತಿಳಿಯಲು ಸೇನೆಯ ಹೇಳಿಕೆಗಿಂತ ಒಳ್ಳೆಯ ಅಳತೆ ಒಂದಿದೆ. ದಿಬೋಲಿಯಿಂದ ಬಮಾಕೊಗೆ ಲಾರಿಗಳು ಬೆಂಗಾವಲಿಲ್ಲದೆ ಓಡಾಡುತ್ತಿವೆಯೇ ಎಂದು ನೋಡಿದರಾಯಿತು.

ಭಾರತಕ್ಕೂ ಇದು ದೂರದ ವಿಷಯವಲ್ಲ. ಭಾರತದ ಸಾಲದ ನೆರವಿನಲ್ಲಿ ಬಮಾಕೊದಿಂದ ಬುಗುನಿ ಮೂಲಕ ಸಿಕಾಸೊಗೆ ವಿದ್ಯುತ್ ಮಾರ್ಗದ ಯೋಜನೆ ಇದೆ. ಸಿಮೆಂಟ್, ವಿದ್ಯುದೀಕರಣದ ಕೆಲಸಕ್ಕೆಂದು ನಮ್ಮವರು ಅಲ್ಲಿಗೆ ಹೋಗುತ್ತಾರೆ. ವಿದೇಶಿಯರ ಅಪಹರಣ ಜೆಎನ್‌ಐಎಂಗೆ ಎರಡು ಲಾಭ ತರುತ್ತದೆ: ಒತ್ತೆಹಣ ಮತ್ತು ಕಾಮಗಾರಿಗೆ ತಡೆ. 2025ರ ಸೆಪ್ಟೆಂಬರ್‌ನಲ್ಲಿ ಅಪಹರಿಸಿದ ಯುಎಇ ಪ್ರಜೆಗಳ ಬಿಡುಗಡೆಗೆ ಸುಮಾರು 5 ಕೋಟಿ ಡಾಲರ್ ಸಂದಾಯವಾಯಿತು ಎಂದು ಅಂತಾರಾಷ್ಟ್ರೀಯ ಮಾಧ್ಯಮಗಳು ವರದಿ ಮಾಡಿದವು. ಅಷ್ಟು ಹಣ ಸಿಕ್ಕ ಮೇಲೆ ಇಂಥ ಅಪಹರಣ ನಿಲ್ಲುವ ಕಾರಣ ಕಾಣುವುದಿಲ್ಲ. ಮಾಲಿಯಲ್ಲಿ ಕೆಲಸವಿದೆ ಎಂದು ಏಜೆಂಟರು ಹೇಳಿದಾಗ ಸಂಬಳದ ಜೊತೆಗೆ ಇನ್ನೂ ಎರಡು ಪ್ರಶ್ನೆ ಕೇಳಲೇಬೇಕು. ಕೆಲಸ ಇರುವುದು ಯಾವ ಪ್ರಾಂತ್ಯದಲ್ಲಿ? ಅಲ್ಲಿಗೆ ಹೋಗುವ ರಸ್ತೆ ಯಾರ ಕೈಯಲ್ಲಿದೆ?